ಕಂದಾಯ ಕಟ್ಟುವುದು, ಕೆರೆ ಕಟ್ಟುವುದು: ಹೊಸಪೇಟೆ ಸೀಮೆಯ ಸ್ಥಳೀಯ ತೆರಿಗೆ, ವೆಚ್ಚ ಹಾಗೂ ಜನಸ್ಮೃತಿ

ತೆರಿಗೆಯ ಚರಿತ್ರೆಯನ್ನು ಇದುವರೆಗೆ ಬಹುಮಟ್ಟಿಗೆ ಬೊಕ್ಕಸದ ಕಡೆಯಿಂದಲೇ ಬರೆಯಲಾಗಿದೆ. ಶಾಸನಗಳು, ಕೈಫಿಯತ್ತುಗಳು, ಗ್ಯಾಸೆಟಿಯರ್‌ಗಳು ಹಾಗೂ ಇತ್ತೀಚಿನ ಆಯವ್ಯಯ ಪತ್ರಗಳೆಲ್ಲವೂ ಎಷ್ಟು ವಸೂಲಾಯಿತು ಎಂಬುದನ್ನು ಹೇಳುತ್ತವೆ. ತೆತ್ತವರು ಅದನ್ನು ಹೇಗೆ ಕಂಡರು, ಯಾವ ಅಳತೆಗೋಲಿನಿಂದ ಅದರ ನ್ಯಾಯಾನ್ಯಾಯಗಳನ್ನು ತೂಗಿದರು ಎಂಬ ಪ್ರಶ್ನೆಗೆ ಉತ್ತರವನ್ನು ಬೇರೆಡೆ ಹುಡುಕಬೇಕಾಗುತ್ತದೆ. ಜನಪದರ ನುಡಿಬಳಕೆ, ಕಥನಗೀತೆಗಳು, ಅಡ್ಡಹೆಸರುಗಳು ಮತ್ತು ಸ್ಥಳನಾಮಗಳು ಇಂತಹ ಹುಡುಕಾಟಕ್ಕೆ ಒದಗುವ ಆಕರಗಳಾಗಿವೆ.

ಕನ್ನಡದ 'ಕಟ್ಟು' ಎಂಬ ಕ್ರಿಯಾಪದವನ್ನೇ ಇಲ್ಲಿ ಮೊದಲಿಗೆ ಪರಿಶೀಲಿಸಬಹುದು. ರೈತನು ಕಂದಾಯವನ್ನು ಕಟ್ಟುತ್ತಾನೆ. ಊರು ಕೆರೆಯನ್ನು ಕಟ್ಟುತ್ತದೆ. ಆ ಕೆರೆಯ ನೀರನ್ನು ಗದ್ದೆಗೆ ಕಟ್ಟಲಾಗುತ್ತದೆ. ಕೊಡುವ ಕ್ರಿಯೆ, ನಿರ್ಮಿಸುವ ಕ್ರಿಯೆ ಮತ್ತು ಫಲವನ್ನು ಪಡೆಯುವ ಕ್ರಿಯೆ ಮೂರಕ್ಕೂ ಆಡುಮಾತು ಒಂದೇ ಪದವನ್ನು ಬಳಸುತ್ತದೆ. ಇದು ಕೇವಲ ಆಕಸ್ಮಿಕವಿರಬಹುದು. ಆದರೆ ಈ ಮೂರು ಕ್ರಿಯೆಗಳು ಒಂದೇ ನೆಲದ ಮೇಲೆ, ಒಂದೇ ಜನರ ಕಣ್ಣೆದುರು ನಡೆದಾಗ ತೆರಿಗೆಯ ಬಗ್ಗೆ ಸಮ್ಮತಿ ಮೂಡುತ್ತದೆ. ಅವು ಒಂದರಿಂದೊಂದು ದೂರವಾದಾಗ ಸಮ್ಮತಿ ಕುಸಿಯುತ್ತದೆ. ಹೊಸಪೇಟೆ, ಹಂಪಿ, ಕಂಪ್ಲಿ ಹಾಗೂ ಸಂಡೂರುಗಳನ್ನೊಳಗೊಂಡ ಸೀಮೆಯ ಸುಮಾರು 500 ವರ್ಷಗಳ ಅನುಭವವನ್ನು ಆಧರಿಸಿ ಈ ಮಾತನ್ನು ಪರೀಕ್ಷಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ. ಆಧುನಿಕ ಘಟ್ಟದಲ್ಲಿ ಈ ವಿಚಾರವನ್ನು ರಾಜಕೀಯ ಪಕ್ಷಗಳು ತಂತಮ್ಮ ದೃಷ್ಟಿಗಳಿಂದ ಹೇಗೆ ನಿರ್ವಹಿಸಿದವು ಎಂಬುದೂ ಇದರ ಭಾಗವೇ ಆಗಿದೆ.

1. ನಾಗಲಾಪುರದ ಕೆರೆ ಮತ್ತು ಹೆಬ್ಬಾಗಿಲು

ಇಂದಿನ ಹೊಸಪೇಟೆಯು ಕೃಷ್ಣದೇವರಾಯನು ನಿರ್ಮಿಸಿದ ನಾಗಲಾಪುರವೆಂಬುದು ಸುಪರಿಚಿತ ಸಂಗತಿ. ಈ ಹೊಸ ಪಟ್ಟಣಕ್ಕೆ ನೀರೊದಗಿಸಲು ಬೆಟ್ಟಗಳ ನಡುವೆ ಕಟ್ಟಿಸಿದ ಬೃಹತ್ ಕೆರೆಯ ವಿವರಗಳು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಹಾಗೂ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಅವರ ಬರಹಗಳಲ್ಲಿ ದೊರೆಯುತ್ತವೆ. ಸುಮಾರು 1520ರಲ್ಲಿ ಇಲ್ಲಿದ್ದ ಪಾಯೆಸ್, ಕೆರೆಯ ಕೆಲಸದಲ್ಲಿ 15,000ದಿಂದ 20,000 ಜನರು ಇರುವೆಗಳಂತೆ ತೊಡಗಿದ್ದುದನ್ನು ಕಂಡುದಾಗಿ ಹೇಳುತ್ತಾನೆ. ಏರಿಯು ಎರಡು ಮೂರು ಸಲ ಒಡೆಯಿತೆಂದೂ, ದೇವರು ಬಲಿಯನ್ನು ಬೇಡುತ್ತಿದೆಯೆಂದು ಪುರೋಹಿತರು ತಿಳಿಸಿದಾಗ 60 ಜನರನ್ನು, ಕೆಲವು ಕುದುರೆ ಮತ್ತು ಕೋಣಗಳನ್ನು ಬಲಿಕೊಡಲಾಯಿತೆಂದೂ ಅವನು ದಾಖಲಿಸಿದ್ದಾನೆ. ಬಲಿಯಾದವರು ಸೆರೆಯಲ್ಲಿದ್ದ ಅಪರಾಧಿಗಳೆಂದು ನೂನಿಜ್ ತಿಳಿಸುತ್ತಾನೆ.

ಜಾನಪದ ವಿದ್ಯಾರ್ಥಿಗೆ ಈ ಪ್ರಸಂಗವು ಕೂಡಲೇ 'ಕೆರೆಗೆ ಹಾರ' ಕಥನಗೀತೆಯನ್ನು ನೆನಪಿಗೆ ತರುತ್ತದೆ. ಆ ಗೀತೆಯಲ್ಲಿ ಕೆರೆಯನ್ನು ಕಟ್ಟಿಸುವವನು ಊರಿನ ಗೌಡ. ಪ್ರಾಣ ತೆರುವವಳು ಅವನ ಕಿರಿಯ ಸೊಸೆ ಭಾಗೀರಥಿ. ಇದನ್ನು ತ್ಯಾಗದ ಕಥೆಯೆಂದು ಓದುವ ರೂಢಿಯೇ ಹೆಚ್ಚು. ಆದರೆ ಸಾರ್ವಜನಿಕ ಕಾಮಗಾರಿಯ ವೆಚ್ಚವನ್ನು ಯಾರು ಭರಿಸುತ್ತಾರೆ ಎಂಬ ಪ್ರಶ್ನೆಯನ್ನು ಅದರಷ್ಟು ನೇರವಾಗಿ ಎತ್ತಿದ ಬೇರೊಂದು ಕೃತಿಯನ್ನು ಕಾಣುವುದು ಕಷ್ಟ. ಊರಿಗೆಲ್ಲ ನೀರು ಬರುತ್ತದೆ. ಬೆಲೆಯನ್ನು ಮಾತ್ರ ನಿರ್ಣಯದಲ್ಲಿ ಪಾಲಿಲ್ಲದವಳು ತೆರುತ್ತಾಳೆ. ನೂನಿಜ್‌ನ ವರದಿಯಲ್ಲಿ ಸೆರೆಯಾಳುಗಳಿದ್ದ ಜಾಗದಲ್ಲಿ ಗೀತೆಯು ಸೊಸೆಯನ್ನು ನಿಲ್ಲಿಸಿದೆ. ಎರಡೂ ಕಡೆ ಪ್ರಶ್ನೆ ಒಂದೇ ಆಗಿದೆ.

ಇದೇ ಕೆರೆಯ ಸಂಬಂಧದಲ್ಲಿ ನೂನಿಜ್ ನೀಡುವ ಮತ್ತೊಂದು ಮಾಹಿತಿ ತೆರಿಗೆಯ ದೃಷ್ಟಿಯಿಂದ ಮಹತ್ವದ್ದು. ಕೆರೆಯ ನೀರಿನಿಂದ ಸಾಗುವಳಿಯಾಗುವ ಭೂಮಿಯನ್ನು ಜನರು ಅಭಿವೃದ್ಧಿಪಡಿಸಿಕೊಳ್ಳಲೆಂದು 9 ವರ್ಷಗಳ ಕಾಲ ತೆರಿಗೆಯಿಲ್ಲದೆ ಬಿಟ್ಟುಕೊಡಲಾಗಿತ್ತು. ಆ ಬಳಿಕ ಅದರ ಉತ್ಪತ್ತಿ 20,000 ಪರ್ದಾವ್‌ಗಳಿಗೆ, ಎಂದರೆ ವರಾಹಗಳಿಗೆ, ಏರಿತ್ತು. ಮೊದಲು ನೀರು, ಅನಂತರ ಬೆಳೆ, ಆಮೇಲೆ ಕಂದಾಯ ಎಂಬ ಕ್ರಮವು ಇಲ್ಲಿ ಸ್ಪಷ್ಟವಾಗಿದೆ.

ಇದಕ್ಕೆ ವಿರುದ್ಧವಾದ ಚಿತ್ರವೂ ಅದೇ ಊರಿನಲ್ಲಿ ದೊರೆಯುತ್ತದೆ. ರಾಜಧಾನಿಯ ದಾರಿಯಲ್ಲಿದ್ದ ಹೆಬ್ಬಾಗಿಲೊಂದನ್ನು ವರ್ಷಕ್ಕೆ 12,000 ಪರ್ದಾವ್‌ಗಳಿಗೆ ಗುತ್ತಿಗೆ ಕೊಡಲಾಗಿತ್ತೆಂದೂ, ನಾಡಿಗರಾಗಲಿ ಪರದೇಶಿಗಳಾಗಲಿ ಗುತ್ತಿಗೆದಾರರು ಕೇಳಿದಷ್ಟು ತೆರದೆ ಒಳಗೆ ಹೋಗುವಂತಿರಲಿಲ್ಲವೆಂದೂ ಪಾಯೆಸ್ ಬರೆಯುತ್ತಾನೆ. ದಿನವೊಂದಕ್ಕೆ 2,000 ಹೇರೆತ್ತುಗಳು ಸರಕು ಹೊತ್ತು ಬರುತ್ತಿದ್ದವು. ಪ್ರತಿ ಎತ್ತಿಗೂ ಮೂರು ವಿಂಟೆಂ ನಾಣ್ಯಗಳ ಸುಂಕವಿತ್ತು. ಕೊಂಬಿಲ್ಲದ ಬೋಳೆತ್ತುಗಳಿಗೆ ಮಾತ್ರ ರಾಜ್ಯದ ಯಾವ ಭಾಗದಲ್ಲಿಯೂ ಸುಂಕವಿರಲಿಲ್ಲ. ಇದು ನಿಯಮಕ್ಕಿಂತ ಹೆಚ್ಚಾಗಿ ನಂಬಿಕೆಯ ಲೋಕಕ್ಕೆ ಸೇರಿದ ವಿನಾಯಿತಿಯಂತೆ ತೋರುತ್ತದೆ. ಕೆರೆಯಡಿಯ ಕಂದಾಯಕ್ಕೆ ಪ್ರತಿಯಾಗಿ ನೀರಿತ್ತು. ಬಾಗಿಲ ಸುಂಕಕ್ಕೆ ಪ್ರತಿಯಾಗಿ ಪ್ರವೇಶ ಮಾತ್ರವೇ ಇತ್ತು. ಅದರ ದರವನ್ನೂ ಗುತ್ತಿಗೆದಾರನೇ ನಿರ್ಧರಿಸುತ್ತಿದ್ದನು. ಕರ್ನಾಟಕದ ಅನೇಕ ಊರುಗಳಲ್ಲಿ ಸಂತೆಯ ಸುಂಕವನ್ನು ಹರಾಜು ಹಾಕುವ ಪದ್ಧತಿ ಇಂದಿಗೂ ಉಳಿದಿದೆ. ಅದನ್ನು ಜನರು 'ಜಕಾತಿ' ಎನ್ನುವಾಗ ಆ ಪದದಲ್ಲಿ ಇಣುಕುವ ಅಸಮಾಧಾನಕ್ಕೆ ದೀರ್ಘವಾದ ಹಿನ್ನೆಲೆಯಿದೆ.

ಶಾಸನಗಳಲ್ಲಿ ಮಗ್ಗದೆರೆ, ಗಾಣದೆರೆ, ಮನೆದೆರೆ, ಮದುವೆಯ ಸುಂಕ ಮೊದಲಾದ ಹೆಸರುಗಳು ಹೇರಳವಾಗಿ ಬರುತ್ತವೆ. ಇವುಗಳೊಂದಿಗೆ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಪದಗಳನ್ನೂ ಇಟ್ಟು ನೋಡಬೇಕು. ಕೆರೆ ಕಾಲುವೆಗಳನ್ನು ನಿರ್ಮಿಸಿ ಕಾಪಾಡುವವರಿಗೆ ಅದೇ ನೀರಿನಡಿಯ ಭೂಮಿಯನ್ನೋ ಉತ್ಪತ್ತಿಯ ಪಾಲನ್ನೋ ಬಿಟ್ಟುಕೊಡುವ ಈ ವ್ಯವಸ್ಥೆಗಳಲ್ಲಿ ವರಮಾನ ಮತ್ತು ವೆಚ್ಚಗಳು ಒಂದೇ ಸ್ಥಳಕ್ಕೆ ಕಟ್ಟುಬಿದ್ದಿದ್ದವು. ಹೂಳು ತೆಗೆಯುವ ಹಣಕ್ಕಾಗಿ ದೂರದ ಖಜಾನೆಯತ್ತ ನೋಡಬೇಕಿರಲಿಲ್ಲ.

ತೆರಿಗೆ ಹೆಚ್ಚಾದ ದಿನವನ್ನು ಕಲ್ಲಿನಲ್ಲಿ ಬರೆಸಿದವರು ಕಡಿಮೆ. ಮನ್ನಾ ಆದ ದಿನವನ್ನು ಬರೆಸಿದವರು ಅನೇಕರು. ಕೃಷ್ಣದೇವರಾಯನ ಕಾಲದಲ್ಲಿ ಕೆಲವು ಸೀಮೆಗಳಲ್ಲಿ ಮದುವೆಯ ಸುಂಕ ರದ್ದಾದುದೂ, ಸದಾಶಿವರಾಯನ ಆಳ್ವಿಕೆಯಲ್ಲಿ ಅಳಿಯ ರಾಮರಾಯನು ಕೊಂಡೋಜ ಮೊದಲಾದ ನಾಯಿಂದರ ಸೇವೆಗೆ ಮೆಚ್ಚಿ ಆ ವೃತ್ತಿಯವರಿಗೆ ತೆರಿಗೆ, ಬಿಟ್ಟಿಗಳಿಂದ ಮುಕ್ತಿ ಕೊಟ್ಟುದೂ ಹೀಗೆ ಶಾಸನಗಳಲ್ಲಿ ಉಳಿದುಬಂದಿವೆ. ಪ್ರಭುತ್ವದ ಕೃಪೆಯಂತೆ ಕಾಣುವ ಈ ದಾಖಲೆಗಳನ್ನು ತೆರಿಗೆದಾರ ಸಮುದಾಯಗಳು ಜೋಪಾನ ಮಾಡಿಕೊಂಡ ರಸೀತಿಗಳೆಂದೂ ತಿಳಿಯಬಹುದು.

2. ಮನ್ರೋ ಮತ್ತು ಅನಂತರದ ಬಿರುಕು

1800ರಲ್ಲಿ ಹೈದರಾಬಾದಿನ ನಿಜಾಮನು ಬಿಟ್ಟುಕೊಟ್ಟ ಸೀಮೆಗಳು ಕಂಪನಿಯ ವಶವಾದವು. 1807ರವರೆಗೆ ಅವುಗಳ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ರೈತವಾರಿ ಪದ್ಧತಿಯನ್ನು ರೂಪಿಸಿದವರಲ್ಲಿ ಪ್ರಮುಖನು. ಪರಕೀಯನಾದ ಈ ತೆರಿಗೆ ಅಧಿಕಾರಿಯ ಮೇಲೆ ಲಾವಣಿಗಳು ಹುಟ್ಟಿದವು. ಸೀಮೆಯ ಕೆಲವೆಡೆ ಗಂಡುಮಕ್ಕಳಿಗೆ 'ಮನ್ರೋಲಪ್ಪ' ಎಂದು ಹೆಸರಿಟ್ಟರು. ಕಂದಾಯ ವಸೂಲಿಯನ್ನು ಗಣನೀಯವಾಗಿ ಹೆಚ್ಚಿಸಿದವನನ್ನು ಜನ ಹೀಗೇಕೆ ನೆನೆದರು? ಡೇರೆ ಹಾಕಿಕೊಂಡು ಊರೂರು ತಿರುಗಿ ರೈತರ ಮಾತನ್ನು ಎದುರಿಗೆ ಕೇಳಿದವನು ಅವನು. ಕಂದಾಯದ ದರ ಅತಿಯಾಯಿತೆಂದು ಅರಿತು 1807ರಲ್ಲಿ ಶೇಕಡ 25ರಷ್ಟು ಇಳಿಕೆಗೆ ಶಿಫಾರಸು ಮಾಡಿದನು. ಆಗ ತಿರಸ್ಕೃತವಾದ ಆ ಇಳಿಕೆಯನ್ನು 1820ರಲ್ಲಿ ತಾನೇ ಮದರಾಸಿನ ಗವರ್ನರನಾಗಿ ಬಂದಾಗ ಜಾರಿಗೆ ತಂದನು. ಜನಸ್ಮೃತಿಯು ವಸೂಲಿಯ ಮೊತ್ತಕ್ಕಿಂತ ಈ ಆಲಿಸುವಿಕೆಯನ್ನೂ ಇಳಿಕೆಯನ್ನೂ ಉಳಿಸಿಕೊಂಡಿದೆ.

ಆದರೆ ಕಂಪನಿಯ ಹಾಗೂ ಅನಂತರದ ಬ್ರಿಟಿಷ್ ಆಡಳಿತವು ಒಂದು ಆಳವಾದ ಬಿರುಕಿಗೂ ಕಾರಣವಾಯಿತು. ಭೂಕಂದಾಯವು ನೇರವಾಗಿ ಮದರಾಸಿನ ಬೊಕ್ಕಸಕ್ಕೆ ಹೋಯಿತು. ಕೆರೆಗಳನ್ನು ನೋಡಿಕೊಳ್ಳುವ ಊರ ವ್ಯವಸ್ಥೆ ಸಡಿಲಗೊಂಡಾಗ ಅದರ ಜಾಗಕ್ಕೆ 1858ರ ಮದರಾಸು ಕಡ್ಡಾಯ ದುಡಿಮೆಯ ಕಾಯಿದೆ ಬಂದಿತು. ರೂಢಿಯಿಂದ ನಡೆಯುತ್ತಿದ್ದುದನ್ನು ದಂಡದ ಭಯದಿಂದ ನಡೆಸಬೇಕಾದುದು ಗಮನಾರ್ಹ. ಲಾರ್ಡ್ ರಿಪ್ಪನ್ನನ 1882ರ ನಿರ್ಣಯದ ಬೆನ್ನಿಗೆ 1884ರಲ್ಲಿ ಮದರಾಸು ಪ್ರಾಂತದಲ್ಲಿ ಲೋಕಲ್ ಬೋರ್ಡು ಮತ್ತು ಪುರಸಭೆಗಳ ಕಾಯಿದೆಗಳು ಜಾರಿಯಾದವು. ದೀಪ, ರಸ್ತೆ, ನೈರ್ಮಲ್ಯ, ಶಾಲೆಗಳ ಹೊಣೆ ಸ್ಥಳೀಯ ಸಂಸ್ಥೆಗಳಿಗೆ ಬಂದಿತು. ಅದಕ್ಕೆ ಸಿಕ್ಕಿದ್ದು ಮನೆ ತೆರಿಗೆ, ರಸ್ತೆ ಸುಂಕಗಳಂತಹ ಕಿರು ಆದಾಯಗಳು. ದೊಡ್ಡ ತೆರಿಗೆ ದೂರದ ಸರ್ಕಾರಕ್ಕೆ, ದೊಡ್ಡ ನಿರೀಕ್ಷೆ ಹತ್ತಿರದ ಸಭೆಗೆ ಎಂಬ ಅಸಮತೋಲನವು ಅಂದೇ ನೆಲೆಯೂರಿತು. ಘೋರ್ಪಡೆ ಮನೆತನದ ಆಳ್ವಿಕೆಯಲ್ಲಿ ಪ್ರತ್ಯೇಕವಾಗಿದ್ದ ಸಂಡೂರು ಸಂಸ್ಥಾನವು 1949ರಲ್ಲಿ ಮದರಾಸು ಪ್ರಾಂತದಲ್ಲಿ ವಿಲೀನವಾಯಿತು. 1953ರ ಅಕ್ಟೋಬರ್ 1ರಂದು ಈ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಸೇರಿತು. ಗಡಿಗಳು ಬದಲಾದರೂ ಅಸಮತೋಲನ ಮುಂದುವರಿಯಿತು.

3. ಪಕ್ಷಗಳ ಎರಡು ದೃಷ್ಟಿಗಳು

ಸ್ವಾತಂತ್ರ್ಯಾನಂತರ ಈ ಪ್ರಶ್ನೆಯು ಪಕ್ಷರಾಜಕಾರಣದ ಭಾಷೆಯನ್ನು ಪಡೆದುಕೊಂಡಿತು. 1979ರಲ್ಲಿ ಕರ್ನಾಟಕದ ಪಟ್ಟಣಗಳಲ್ಲಿ ಆಕ್ಟ್ರಾಯ್ ರದ್ದಾಯಿತು. ಪಾಯೆಸ್ ಕಂಡ ಹೆಬ್ಬಾಗಿಲ ಸುಂಕದ ದೂರದ ವಂಶಸ್ಥನಂತಿದ್ದ ಈ ತೆರಿಗೆ ಹೋದುದು ವರ್ತಕರಿಗೂ ಗಾಡಿಯವರಿಗೂ ಹರ್ಷ ತಂದಿತು. ಆದರೆ ನಗರಸಭೆಗಳು ತಮ್ಮದೇ ಆದ ಪ್ರಮುಖ ಆದಾಯವೊಂದನ್ನು ಕಳೆದುಕೊಂಡು ರಾಜ್ಯದ ಪರಿಹಾರ ಅನುದಾನಕ್ಕೆ ಕೈಚಾಚುವಂತಾಯಿತು. ತೆರಿಗೆ ತೆಗೆದವರಿಗೆ ಜನಪ್ರಿಯತೆ ಬರುತ್ತದೆ; ಅದರಿಂದ ಕುಂದಿದ ಸೇವೆಯ ಅಪಕೀರ್ತಿ ಸ್ಥಳೀಯ ಸಭೆಗೆ ಬರುತ್ತದೆ. ಅಂದಿನಿಂದ ಎಲ್ಲ ಪಕ್ಷಗಳೂ ಈ ಅನುಕೂಲವನ್ನು ಬಳಸಿಕೊಂಡಿವೆ. ಮನೆ ಕಂದಾಯ, ನೀರಿನ ಕರಗಳ ಏರಿಕೆಯನ್ನು ವಿರೋಧ ಪಕ್ಷದಲ್ಲಿದ್ದಾಗ ಖಂಡಿಸಿ, ಅಧಿಕಾರಕ್ಕೆ ಬಂದಾಗ ಸಂಪನ್ಮೂಲ ಕ್ರೋಡೀಕರಣವೆಂದು ಸಮರ್ಥಿಸುವುದು ಯಾವುದೇ ಒಂದು ಪಕ್ಷದ ಲಕ್ಷಣವಾಗಿ ಉಳಿದಿಲ್ಲ.

ಗ್ರಾಮಾಡಳಿತದ ವಿಷಯದಲ್ಲಿ ಮಾತ್ರ ಎರಡು ನಿಜವಾದ ದೃಷ್ಟಿಗಳು ಮುಖಾಮುಖಿಯಾದವು. ಒಂದು ಜನತಾ ಪಕ್ಷದ್ದು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್‌ಸಾಬ್ ಅವರು ರೂಪಿಸಿದ 1983ರ ಕಾಯಿದೆಯು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳನ್ನು ತಂದಿತು, 1987ರಲ್ಲಿ ಚುನಾವಣೆಗಳಾದವು. ಚುನಾಯಿತ ಅಧ್ಯಕ್ಷನಿಗೆ ರಾಜ್ಯ ಸಚಿವನ ಸ್ಥಾನಮಾನ ಕೊಟ್ಟು ಅಧಿಕಾರಿಯನ್ನು ಅವನ ಕೆಳಗಿರಿಸುವುದು ಅದರ ಸಾರವಾಗಿತ್ತು. ಮತ್ತೊಂದು ಕಾಂಗ್ರೆಸ್ಸಿನದು. ಸಂವಿಧಾನದ 73ನೆಯ ತಿದ್ದುಪಡಿಯ ಅನಂತರ ಬಂದ 1993ರ ಪಂಚಾಯತ್ ರಾಜ್ ಕಾಯಿದೆಯ ವೇಳೆಗೆ ಆ ಖಾತೆಯ ಸಚಿವರಾಗಿದ್ದವರು ಸಂಡೂರಿನ ಎಂ. ವೈ. ಘೋರ್ಪಡೆ ಅವರು. ಸಂಸ್ಥಾನದ ರಾಜಮನೆತನಕ್ಕೂ ಗಣಿ ಉದ್ಯಮಕ್ಕೂ ಸೇರಿದ ಕುಟುಂಬದವರು, ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಸಚಿವರಾಗಿದ್ದವರು ಹಳ್ಳಿಯ ಪಂಚಾಯತಿಗೆ ಕಾನೂನಿನ ಚೌಕಟ್ಟನ್ನು ಕೊಟ್ಟುದು ಈ ಸೀಮೆಯ ಚರಿತ್ರೆಯ ಒಂದು ಸ್ವಾರಸ್ಯ. ಹೊಸ ಕಾಯಿದೆ ಅಧಿಕಾರಿಗಳ ಕೈಯನ್ನು ಮತ್ತೆ ಬಲಪಡಿಸಿತೆಂಬುದು ಜನತಾ ಪರಂಪರೆಯವರ ಆಕ್ಷೇಪ. ದೊಡ್ಡ ಮಂಡಲಗಳಿಗಿಂತ 5,000ದಿಂದ 7,000 ಜನಸಂಖ್ಯೆಯ ಗ್ರಾಮ ಪಂಚಾಯತಿಯು ಜನರಿಗೆ ಹೆಚ್ಚು ಹತ್ತಿರವೆಂಬುದು ಕಾಂಗ್ರೆಸ್ಸಿನ ಸಮರ್ಥನೆ. ಎರಡರಲ್ಲಿಯೂ ಸತ್ಯಾಂಶವಿದೆ.

ಜನರು ನೀಡಿದ ತೀರ್ಪು ಬೇರೊಂದು ರೂಪದಲ್ಲಿದೆ. ಹಳ್ಳಿಹಳ್ಳಿಗೂ ಕೊಳವೆಬಾವಿ ತೋಡಿಸಿದ ನಜೀರ್‌ಸಾಬ್ ಅವರನ್ನು ನಾಡು 'ನೀರ್‌ಸಾಬ್' ಎಂದು ಕರೆಯಿತು. ಅವರ ಹೆಸರಿನ ಒಂದಕ್ಷರವನ್ನು ಬದಲಿಸಿ ಕಾಯಿದೆಯನ್ನಲ್ಲ, ನೀರನ್ನು ಅಲ್ಲಿ ಕೂರಿಸಿತು. ಮನ್ರೋಲಪ್ಪ ಎಂಬ ಹೆಸರೂ ನೀರ್‌ಸಾಬ್ ಎಂಬ ಹೆಸರೂ ಒಂದೇ ಮೌಖಿಕ ಪರಂಪರೆಯ ಎರಡು ಕೊಂಡಿಗಳೆಂದು ಭಾವಿಸಬಹುದು.

1993ರ ಕಾಯಿದೆಯ ಒಂದು ಅಂಶವು ವಿದ್ವಾಂಸರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಅದರ 199ನೆಯ ಪ್ರಕರಣವು ಗ್ರಾಮ ಪಂಚಾಯತಿಗೆ ಕಟ್ಟಡಗಳ ತೆರಿಗೆ, ನೀರಿನ ದರ, ಸಂತೆಯ ಶುಲ್ಕ, ದನ ಮೇಯಿಸುವ ಶುಲ್ಕ ಮೊದಲಾದವನ್ನು ವಿಧಿಸುವ ಅಧಿಕಾರ ಕೊಡುತ್ತದೆ. ಜಾತ್ರೆ, ಉತ್ಸವಗಳಿಗೆ ಬರುವವರ ಮೇಲೆ ಯಾತ್ರಿಕ ಶುಲ್ಕ ಹಾಕಬಹುದು. ಆದರೆ ಪಂಚಾಯತಿಯು ಅಲ್ಲಿ ನೀರು, ಆರೋಗ್ಯ, ನೈರ್ಮಲ್ಯಗಳ ವ್ಯವಸ್ಥೆ ಮಾಡಿದ್ದರೆ ಮಾತ್ರ. ವಾಹನ ನಿಲ್ದಾಣದ ಶುಲ್ಕಕ್ಕೂ ಪ್ರಯಾಣಿಕರಿಗೆ ಸಾಕಷ್ಟು ಅನುಕೂಲಗಳಿರಬೇಕೆಂಬ ಷರತ್ತಿದೆ. ಹಂಪಿಯ ವಿರೂಪಾಕ್ಷನ ತೇರು, ಸಂಡೂರಿನ ಕುಮಾರಸ್ವಾಮಿಯ ಜಾತ್ರೆಗಳಿರುವ ಸೀಮೆಗೆ ಇದು ಬರಿಯ ಕಾನೂನಿನ ಮಾತಲ್ಲ. ಕೆರೆಯಡಿಯ ಗದ್ದೆಗೆ 9 ವರ್ಷ ಬಿಟ್ಟುಕೊಟ್ಟ ತತ್ತ್ವವೇ, ಎಂದರೆ ಮೊದಲು ಸೇವೆ ಬಳಿಕ ಶುಲ್ಕವೆಂಬುದೇ, ಇಲ್ಲಿ ಕಾನೂನಿನ ಭಾಷೆಯಲ್ಲಿ ಮರಳಿ ಬಂದಿದೆ.

ಘೋರ್ಪಡೆಯವರು 1999ರಿಂದ 2004ರವರೆಗೆ ಮತ್ತೆ ಅದೇ ಖಾತೆಯನ್ನು ನಿರ್ವಹಿಸಿದಾಗ ಗ್ರಾಮ ಪಂಚಾಯತಿಯ ಜಮಾಖರ್ಚನ್ನು ಊರವರ ಮುಂದೆ ಓದಿ ಒಪ್ಪಿಸುವ 'ಜಮಾಬಂದಿ' ಪದ್ಧತಿ ಆಚರಣೆಗೆ ಬಂದಿತು. ಹಿಂದೆ ಜಮಾಬಂದಿಯೆಂದರೆ ಅಧಿಕಾರಿಯು ರೈತನಿಂದ ಲೆಕ್ಕ ಕೇಳುವ ವಾರ್ಷಿಕ ವಿಧಿ. ಈಗ ಅದೇ ಪದವು ರೈತನು ಆಡಳಿತದಿಂದ ಲೆಕ್ಕ ಕೇಳುವುದಕ್ಕೆ ಸಂದಿತು. ಪದದ ಈ ಪಲ್ಲಟವು ಆಚರಣೆಯಲ್ಲಿ ಎಷ್ಟರಮಟ್ಟಿಗೆ ಸಾರ್ಥಕವಾಗಿದೆ ಎಂಬುದು ಊರಿಂದೂರಿಗೆ ಬೇರೆಯಾದರೂ ಕಲ್ಪನೆಯು ಮಹತ್ವದ್ದೆಂಬುದರಲ್ಲಿ ಸಂದೇಹವಿಲ್ಲ.

4. ಅದಿರಿನ ಕಾಲ

ಮೇಲಿನ ತತ್ತ್ವವು ಅತ್ಯಂತ ಕಠಿಣವಾದ ಪರೀಕ್ಷೆಗೆ ಒಳಗಾದುದು ಸಂಡೂರಿನ ಅದಿರಿನ ಬೆಟ್ಟಗಳಲ್ಲಿ. 2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಸಂಡೂರು, ಹೊಸಪೇಟೆಗಳ ರಸ್ತೆಗಳು ಲಾರಿಗಳಿಂದ ತುಂಬಿಹೋದವು. ಖನಿಜದ ರಾಜಧನ ಹೋದುದು ರಾಜ್ಯದ ಬೊಕ್ಕಸಕ್ಕೆ. ಕೆಂಧೂಳು ಉಳಿದುದು ಪಂಚಾಯತಿಯ ಬೀದಿಗೆ. ಖನಿಜದ ಮೇಲೆ ಸ್ಥಳೀಯ ಸೆಸ್ ಹಾಕುವ ದಾರಿಯನ್ನು ಸರ್ವೋಚ್ಚ ನ್ಯಾಯಾಲಯವು ಇಂಡಿಯಾ ಸಿಮೆಂಟ್ಸ್ ಪ್ರಕರಣದ 1989ರ ತೀರ್ಪಿನಲ್ಲಿಯೇ ಮುಚ್ಚಿತ್ತು. ಆ ವ್ಯಾಜ್ಯವು ಹುಟ್ಟಿದುದು ಮದರಾಸು ಪಂಚಾಯತ್ ಕಾಯಿದೆಯಡಿಯ ಸೆಸ್ಸಿನಿಂದ ಎಂಬುದು ಇಲ್ಲಿ ಸ್ಮರಣೀಯ.

ಅಕ್ರಮ ಗಣಿಗಾರಿಕೆಯನ್ನು ಕುರಿತ ಲೋಕಾಯುಕ್ತ ವರದಿಗಳು 2008 ಮತ್ತು 2011ರಲ್ಲಿ ಬಂದವು. 2010ರ ಜುಲೈ ಆಗಸ್ಟ್‌ಗಳಲ್ಲಿ, ಆಗ ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ ಸಿದ್ಧರಾಮಯ್ಯನವರ ಮುಂದಾಳತ್ವದಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ನಡೆಸಿತು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ತಡೆಹಿಡಿಯಿತು. ಆಡಳಿತ ಪಕ್ಷದ ಮಾತು ಉದ್ಯಮ ಮತ್ತು ಉದ್ಯೋಗಗಳ ಪರವಾಗಿತ್ತು. ವಿರೋಧ ಪಕ್ಷದ ಮಾತು ಲೂಟಿಯ ವಿರುದ್ಧವಾಗಿತ್ತು. ಅದಿರು ತೆಗೆದ ಊರಿನ ಪಂಚಾಯತಿಗೆ ಅದಿರಿನಲ್ಲಿ ಎಷ್ಟು ಪಾಲು ಎಂಬ ಪ್ರಶ್ನೆ ಎರಡೂ ಕಡೆಯವರ ವೇದಿಕೆಗಳಲ್ಲಿ ಹಿಂದೆ ಸರಿಯಿತು. ಅದೇ ಜುಲೈನ ಕೊನೆಯಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಮನೆ, ಅಂಗಡಿಗಳನ್ನು ತೆರವುಗೊಳಿಸಲಾಯಿತು. ವಿಶ್ವ ಪರಂಪರೆಯ ತಾಣದ ರಕ್ಷಣೆ ಅವಶ್ಯಕವೇ ಆಗಿದ್ದರೂ ಅಲ್ಲಿನ ನಿವಾಸಿಗಳ ಬದುಕಿನ ನಿರ್ಣಯವು ಅವರು ಆರಿಸಿದ ಸಭೆಯ ಕೈಮೀರಿ ನಡೆಯಿತು.

ಬಳಿಕ ಕೆಲವು ಬದಲಾವಣೆಗಳಾದವು. 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ರಚನೆಯಾದವು. ಹಳೆಯ ಗುತ್ತಿಗೆಗಳಿಂದ ರಾಜಧನದ ಶೇಕಡ 30ರಷ್ಟು, ಹರಾಜಿನ ಗುತ್ತಿಗೆಗಳಿಂದ ಶೇಕಡ 10ರಷ್ಟು ಮೊತ್ತವು ಗಣಿಬಾಧಿತ ಪ್ರದೇಶಗಳಿಗೆ ಮೀಸಲಾಯಿತು. 2024ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು 1989ರ ನಿಲುವನ್ನು ತಳ್ಳಿಹಾಕಿ, ರಾಜಧನವು ತೆರಿಗೆಯಲ್ಲವೆಂದೂ ಖನಿಜದ ಹಕ್ಕುಗಳ ಮೇಲೆ ತೆರಿಗೆ ವಿಧಿಸುವ ಅಧಿಕಾರ ರಾಜ್ಯಗಳಿಗಿದೆಯೆಂದೂ ಸಾರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕರ್ನಾಟಕದ ವಿಧಾನಮಂಡಲವು ಅಂತಹ ತೆರಿಗೆಯ ಮಸೂದೆಯನ್ನು ಅಂಗೀಕರಿಸಿತು. ಖನಿಜ ಪ್ರತಿಷ್ಠಾನದ ಹಣವನ್ನು ದಶವಂದದ ಆಧುನಿಕ ರೂಪವೆಂದು ಕರೆಯಲು ಮನಸ್ಸಾಗುತ್ತದೆ. ಆದರೆ ದಶವಂದವು ಆಯಾ ಕೆರೆಗೇ ಕಟ್ಟುಬಿದ್ದಿತ್ತು. ಈ ಹಣದ ಕೀಲಿಯಿರುವುದು ಜಿಲ್ಲಾ ಕೇಂದ್ರದಲ್ಲಿ. ಅದರ ಮೇಲೆ, 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ, ಹಂಪಿಗಳು ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿ ಉಳಿದವು. ಅದಿರಿನ ಬೆಟ್ಟ ಒಂದು ಜಿಲ್ಲೆಯಲ್ಲಿ, ಅದರ ಲಾರಿಗಳು ಹಾದುಹೋಗುವ ಪಟ್ಟಣ ಇನ್ನೊಂದು ಜಿಲ್ಲೆಯಲ್ಲಿ ಇರುವಂತಾಯಿತು.

5. ಸಮಾರೋಪ

ಈ ಅಧ್ಯಯನದಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಈ ಸೀಮೆಯ ಜನಪದರು ತೆರಿಗೆಯನ್ನು ತಾತ್ತ್ವಿಕವಾಗಿ ವಿರೋಧಿಸಿದವರಲ್ಲ. ಪ್ರತಿಫಲವಿಲ್ಲದ ಸುಂಕವನ್ನು ಮತ್ತು ಗುತ್ತಿಗೆದಾರನ ಮನಬಂದ ದರವನ್ನು ದೂರಿದವರು. ಎರಡನೆಯದಾಗಿ, ಅವರು ಆಳುವವರನ್ನು ನೆನೆಯುವುದು ನೀರು, ಇಳಿಕೆ, ಆಲಿಸುವಿಕೆಗಳ ಮೂಲಕ. ಪಕ್ಷದ ಹೆಸರು ಅಲ್ಲಿ ಗೌಣ. ಮೂರನೆಯದಾಗಿ, ಅನುದಾನ ಎಷ್ಟೇ ಹೆಚ್ಚಿದರೂ ತನ್ನದೇ ತೆರಿಗೆಯನ್ನು ವಿಧಿಸಿ, ವಸೂಲು ಮಾಡಿ, ಖರ್ಚು ಮಾಡಿ, ಅದರ ಲೆಕ್ಕವನ್ನು ಊರ ಮುಂದೆ ಓದುವ ಸಭೆಗೆ ಮಾತ್ರ ಸ್ಥಳೀಯ ಸರ್ಕಾರವೆಂಬ ಹೆಸರು ಸಲ್ಲುತ್ತದೆ. ಇತರ ಸಂಸ್ಥೆಗಳು ದೂರದ ಖಜಾನೆಯ ವಿತರಣಾ ಕೇಂದ್ರಗಳಾಗಿಯೇ ಉಳಿಯುತ್ತವೆ. ಪಕ್ಷಗಳು ಈ ಮಾತನ್ನು ಚುನಾವಣೆಯ ವೇಳೆಯಲ್ಲಿ ಆಡುವುದು ಕಡಿಮೆ. ತೆರಿಗೆಯ ಮಾತು ಮತವನ್ನು ತರುವುದಿಲ್ಲವೆಂಬ ಭಯ ಅವಕ್ಕಿದೆ. ಆದರೆ ಜನಸ್ಮೃತಿಯ ಸಾಕ್ಷ್ಯವು ಈ ಭಯವನ್ನು ಸಮರ್ಥಿಸುವುದಿಲ್ಲ.

ಹೊಸಪೇಟೆಯ ದಕ್ಷಿಣಕ್ಕೆ ಬೆಟ್ಟಗಳ ನಡುವಿನ, ನಾಗಲಾಪುರದ ಕೆರೆಯೆಂದು ವಿದ್ವಾಂಸರು ಗುರುತಿಸುವ ರಾಯರ ಕೆರೆಯ ಅಂಗಳವು ಬತ್ತಿ ಬಹುಕಾಲವಾಗಿದೆ. ಏರಿ ಮಾತ್ರ ಉಳಿದಿದೆ. ವಿಜಯನಗರ ಕಾಲದ ನದಿಕಾಲುವೆಗಳಾದರೋ ಹೊಸಪೇಟೆ, ಕಂಪ್ಲಿಗಳ ಗದ್ದೆ ತೋಟಗಳಿಗೆ ಇಂದಿಗೂ ನೀರುಣಿಸುತ್ತಿವೆ. ಅವುಗಳನ್ನು ತೋಡಿಸಲು ಯಾವ ತೆರಿಗೆಯನ್ನು ಎಷ್ಟು ವಸೂಲು ಮಾಡಲಾಯಿತೆಂಬುದನ್ನು ರೈತರು ನೆನಪಿಟ್ಟುಕೊಂಡಿಲ್ಲ. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತ ಕಾಲುವೆಗಳ ಹೆಸರುಗಳನ್ನು ಇಟ್ಟುಕೊಂಡಿದ್ದಾರೆ. ಇಂದಿನ ನಗರಸಭೆ, ಪುರಸಭೆ, ಪಂಚಾಯತಿಗಳ ವೆಚ್ಚದಲ್ಲಿ ಅಂತಹ ಹೆಸರಾಗಿ ಉಳಿಯಬಹುದಾದುದು ಯಾವುದು ಎಂಬ ಪ್ರಶ್ನೆಯನ್ನು ಪ್ರತಿ ವರ್ಷದ ಆಯವ್ಯಯ ಸಭೆಯಲ್ಲಿ ಎಲ್ಲ ಪಕ್ಷಗಳ ಸದಸ್ಯರೂ ಕೇಳಿಕೊಳ್ಳಬೇಕಾಗಿದೆ.